ಬಿಚ್ಚಿ ಸುತ್ತಿದ ಉಲ್ಲನ್

ಜಮಖಂಡಿ
೧೨ ಡಿಸೆಂಬರ್ ೧೯೮೪, ಬುಧವಾರ

ಪ್ರೀತಿಯ ಶೇವಂತಿಗೆ,

ನಿನ್ನ ಮಾದೇವಿ ಬರೆಯುವುದು. ಆರು ವರ್ಷ ಒಂದು ಕಾರ್ಡನ್ನೂ ಹಾಕದವಳು ಇಷ್ಟು ದಪ್ಪನೆಯ ಲಕೋಟೆ ಕಳಿಸಿದ್ದಾಳೆಂದರೆ ಯಾರೋ ತೀರಿಕೊಂಡಿರಬೇಕು ಎಂದು ನೀನು ಅಂದುಕೊಳ್ಳುತ್ತೀ. ಅದು ನಿಜವೇ. ನಮ್ಮ ತಾಯವ್ವ ಅಕ್ಕೋರು ದೀಪಾವಳಿ ಕಳೆದ ಮೇಲೆ ಹೋಗಿಬಿಟ್ಟರು. ಮೂರು ದಿನ ಜ್ವರ, ನಾಲ್ಕನೆಯ ದಿನ ಮಾತು ನಿಂತಿತು. ಆದರೆ ನಾನು ಬರೆಯುತ್ತಿರುವುದು ಅದನ್ನು ತಿಳಿಸಲಿಕ್ಕಲ್ಲ.

ನನ್ನ ಮಗಳು ಮಹಾನಂದಾ ಮುಧೋಳದಿಂದ ಬಂದಿದ್ದಾಳೆ. ಈಗ ನನ್ನ ಎದುರಿಗೇ ಕೂತಿದ್ದಾಳೆ. "ಆದದ್ದ ಮೊದಲಿಂದ ಬರಿ. ಶೇವಂತಿ ಮಾವಶಿಗೆ ಗೊತ್ತೈತಿ ಅಂತ ಏನೂ ಬಿಡಬ್ಯಾಡ. ನಾ ಓದಿದ ಮ್ಯಾಲೇ ಟಪಾಲಿಗೆ ಹಾಕೂದು," ಎಂದಿದ್ದಾಳೆ. ಆದ್ದರಿಂದ ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ. ಬೇಸರಿಸಬೇಡ.

ಅಕ್ಕೋರು ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ನಾವು ಏಳೆಂಟು ಮಂದಿ ಅವರ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಒಬ್ಬಳು ಕಸೂತಿ ಹಾಕಿದ ಕುಪ್ಪಸ ತಂದರೆ ಇನ್ನೊಬ್ಬಳು ಕೌದಿ, ಮತ್ತೊಬ್ಬಳು ಕ್ರೋಶಾದ ಮೇಜಿನ ಹಾಸು. ಮಾಡಿದ್ದನ್ನು ಎಲ್ಲರ ನಡುವೆ ಹರವಿ ತೋರಿಸಬೇಕು, ಹೇಗೆ ಮಾಡಿದೆ ಎಂದು ಬಚ್ಚಿಡದೆ ಹೇಳಿಕೊಡಬೇಕು. ಅಕ್ಕೋರಿಗೆ ಹಿಡಿಸಿದರೆ ನಾಲ್ಕು ಬೆರಳಗಲದ ಒಂದು ನಮೂನೆ ಮಾಡಿಸಿಕೊಂಡು ತಮ್ಮ ದೊಡ್ಡ ವಹಿಗೆ ಹೊಲಿದಿಟ್ಟು, ಕೆಳಗೆ ಹೆಸರು ಬರೆಯುತ್ತಿದ್ದರು. ಬೇಕಾದವರು ಅದನ್ನು ನೋಡಿ ಕಲಿಯಬಹುದಿತ್ತು. ಆ ವಹಿಯಲ್ಲಿ ಹೆಚ್ಚು ಹೆಸರು ನನ್ನದೇ ಇತ್ತು.

ಅಕ್ಕೋರ ದಿನಕರ್ಮಗಳು ಮುಗಿದ ಮೇಲೆ ಅವರ ಸೊಸೆ ನಮ್ಮನ್ನು ಕರೆದು, ನೆನಪಿಗೆ ಏನು ಬೇಕೋ ತೆಗೆದುಕೊಳ್ಳಿ ಎಂದು ಪೆಟ್ಟಿಗೆ ತೆರೆದಿಟ್ಟಳು. ಮಹಾನಂದಾ ನನ್ನ ಜೊತೆ ಬಂದಿದ್ದಳು. ವಹಿಯ ಹಾಳೆ ತಿರುವುತ್ತ ಕೂತಿದ್ದವಳು ಒಂದು ಕಡೆ ನಿಂತಳು. ತಿಳಿ ಹಳದಿ ಉಲ್ಲನ್ನಿನ ನಮೂನೆ. ಅಂಚಿಗೆ ಸಣ್ಣ ಸಣ್ಣ ಗೋಪುರಗಳು. ಕೆಳಗೆ ಅಕ್ಕೋರ ದುಂಡನೆಯ ಅಕ್ಷರದಲ್ಲಿ, "ಶೇವಂತಿ. ಮಾದೇವಿಯ ಮಗಳ ಕೂಸಿಗೆ ಮಾಡಿದ ಸ್ವೆಟರಿನದು. ೧೯೭೮."

"ಅವ್ವಾ, ಶೇವಂತಿ ಮಾವಶಿ ನನ್ನ ಕೂಸಿಗೆ ಏನೂ ಹೆಣಿಲಿಲ್ಲ ಅಂತ ಹೇಳಿದ್ದಿಯಲ್ಲ. ಮತ್ತ ಇದೇನು?" ಎಂದಳು.

ನಾನು ಏನಾದರೂ ಹೇಳುವ ಮೊದಲೇ ಬಾಯಿ ತೆರೆದವಳು ನಮ್ಮ ಓಣಿಯ ಬೋರವ್ವ. "ಅಕ್ಕೋರೇ ಹೋದರು. ಇನ್ನ ಯಾಕ ಮುಚ್ಚಿಡೂದು? ಖರೆ ಹೇಳೂದ ಛಲೋ," ಎಂದು ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ಪಾಲನ್ನು ಮಾತ್ರ ಹೇಳಲಿಲ್ಲ. ಮಹಾನಂದಾ ಮನೆಗೆ ಬಂದವಳೇ ರೇಡಿಯೋ ಮೇಲಿನ ಹಳದಿ ಹೊದಿಕೆ ಎಳೆದು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎರಡು ದಿನ ನನ್ನ ಕೈಯಿಂದ ಅನ್ನ ಹಾಕಿಸಿಕೊಳ್ಳಲಿಲ್ಲ. ಬಸುರಿ ಹೆಂಗಸು, ಶೇವಂತಿ. ಅವಳಿಗೆ ಈಗ ಮತ್ತೆ ಐದು ತಿಂಗಳು.

ಹೀಗೆ ಈ ಪತ್ರ.

ನಿನ್ನನ್ನು ಅಕ್ಕೋರ ಮನೆಗೆ ಕರೆದುಕೊಂಡು ಹೋದವಳು ನಾನೇ. ರಬಕವಿಯಲ್ಲಿ ನಾವಿಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು. ನನ್ನ ಮದುವೆ ಈ ಊರಿಗಾಯಿತು, ನಿನ್ನದು ಬನಹಟ್ಟಿಯ ಮಗ್ಗದ ಮನೆಗೆ. ಎಂಟು ತಿಂಗಳ ಕೂಸು ಹೋಯಿತು, ಅದರ ಹಿಂದೆಯೇ ನಿನ್ನ ಗಂಡನೂ ಹೋದ. ಆಮೇಲೆ ಎಷ್ಟೋ ವರ್ಷಕ್ಕೆ ಮೈದುನನಿಗೆ ಜಮಖಂಡಿಗೆ ವರ್ಗವಾಗಿ, ಅವನ ಸಂಸಾರಕ್ಕೆ ರೊಟ್ಟಿ ಬಡಿಯಲಿಕ್ಕೆಂದು ನೀನೂ ಬಂದೆ. ಸಂತೆಯಲ್ಲಿ ಸಿಕ್ಕಾಗ ನಿನ್ನ ಮುಖ ನೋಡಿ ನನಗೆ ಕರುಳು ಚುರುಕ್ಕೆಂದಿತು. ಗುರುವಾರ ಬಾ, ನಾಲ್ಕು ಜನರ ನಡುವೆ ಕೂತರೆ ಹಗುರಾಗುತ್ತೀ ಎಂದೆ. ಇದನ್ನು ಮಹಾನಂದಾಳೂ ಓದಲಿ. ನಾನು ನಿನಗೆ ಒಳ್ಳೆಯದನ್ನೂ ಬಯಸಿದವಳು.

ನೀನು ಬಂದೆ. ಗೋಡೆಯ ಪಕ್ಕ ಕೂಡುತ್ತಿದ್ದೆ, ಮಾತು ಕಡಿಮೆ. ನಾವು ಮರಾಠಿ ಮಾಸಿಕದಲ್ಲಿ ಬಂದ ನಮೂನೆಯನ್ನು ನಾಲ್ಕು ವಾರ ಮುಂದಿಟ್ಟುಕೊಂಡು ಗುದ್ದಾಡಿದರೆ, ನೀನು ಒಮ್ಮೆ ನೋಡಿ ಮರುವಾರ ಮಾಡಿ ತರುತ್ತಿದ್ದೆ. ಕೇಳಿದವರಿಗೆಲ್ಲ ತಾಳ್ಮೆಯಿಂದ ಹೇಳಿಕೊಡುತ್ತಿದ್ದೆ. ನಿನ್ನ ಮುಂದೆ ಎಲ್ಲರೂ ಹೊಗಳುತ್ತಿದ್ದರು. ನೀನು ಎದ್ದು ಹೋದ ಮೇಲೆ ಬೋರವ್ವ, "ಕೈ ಖಾಲಿ ಇದ್ದಾಕಿಗೆ ಹೊತ್ತ ಹೋಗಬೇಕಲ್ಲ," ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಅಕ್ಕೋರು ನಗುತ್ತಿರಲಿಲ್ಲ, ಬೇಡ ಎಂದೂ ಹೇಳುತ್ತಿರಲಿಲ್ಲ.

೧೯೭೮ರಲ್ಲಿ ಮಹಾನಂದಾ ಬಸುರಿಯಾದಳು. ಅದಕ್ಕೂ ಮೊದಲು ಒಮ್ಮೆ ಮೂರು ತಿಂಗಳಿಗೇ ಹೋಗಿತ್ತು, ನಿನಗೆ ನೆನಪಿರಬೇಕು. ಏಳನೆಯ ತಿಂಗಳಿಗೆ ಕುಬಸದ ದಿನ ಗೊತ್ತಾದಾಗ ಅಕ್ಕೋರು, "ನಮ್ಮ ಗುರುವಾರದ ಮಂದಿಯೆಲ್ಲಾ ಕೂಸಿಗೆ ಒಂದೊಂದು ಮಾಡೋಣ," ಎಂದರು. ಒಬ್ಬಳು ತಲೆಗೆ ಕುಂಚಿಗಿ, ಒಬ್ಬಳು ಕಾಲುಚೀಲ, ಬೋರವ್ವ ಕೌದಿ. ನಿನಗೆ ಯಾರೂ ಏನನ್ನೂ ಹಂಚಲಿಲ್ಲ. ನೀನೂ ಕೇಳಲಿಲ್ಲ.

ಮೂರನೆಯ ಗುರುವಾರ ಎಲ್ಲರೂ ತಂದಿದ್ದನ್ನು ಹರವಿದ ಮೇಲೆ ನೀನು ಸೆರಗಿನ ಒಳಗಿಂದ ಆ ಹಳದಿ ಸ್ವೆಟರ್ ತೆಗೆದೆ. "ಮಾಗಿ ದಿನದಾಗ ಹುಟ್ಟೂ ಕೂಸು. ಎದಿ ಬೆಚ್ಚಗಿರಬೇಕು," ಎಂದೆ. ಅಷ್ಟೇ. ಬೆಣ್ಣೆಯಂತಹ ಹೆಣಿಗೆ, ಒಂದು ಕುಣಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೂಸು ಸತ್ತ ಮೇಲೆ ಸಣ್ಣ ಅಳತೆಯದನ್ನು ನೀನು ಕೈಯಲ್ಲಿ ಹಿಡಿದದ್ದು ಅದೇ ಮೊದಲು ಎಂದು ಆಮೇಲೆ ಅಕ್ಕೋರು ನನಗೆ ಹೇಳಿದರು.

ನಾನು ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡೆ. ಎಲ್ಲರ ಎದುರಿಗೆ ಒತ್ತಿಕೊಂಡೆ. ಮನೆಗೆ ಬಂದ ಮೇಲೆ ನನಗೆ ಹೆದರಿಕೆ ಹತ್ತಿತು. ಒಂದು ಬಸಿರು ಕಳೆದುಕೊಂಡ ಮಗಳು, ಕೂಸನ್ನು ಕಳೆದುಕೊಂಡವಳ ಕೈಯ ಅಂಗಿ. ತಾಯಿಯ ಜೀವ ಏನೇನೋ ಎಣಿಸುತ್ತದೆ. ಬೋರವ್ವನೂ, "ಹಾಕಬ್ಯಾಡ ಬೇ. ಅಕಿ ಕೈಗುಣ ಗೊತ್ತಿಲ್ಲೇನ ನಿನಗ?" ಎಂದಳು. ಮರುದಿನ ಮಧ್ಯಾಹ್ನ ಮಹಾನಂದಾ ಮಲಗಿದ್ದಾಗ ಕೊರಳಿನ ಕಡೆಯಿಂದ ಎಳೆ ಹಿಡಿದು ಎಳೆದೆ. ನೀನು ಎಷ್ಟು ದಿನ ಕೂತಿದ್ದೆಯೋ, ನನಗೆ ಬಿಚ್ಚಲು ಅರ್ಧ ತಾಸೂ ಹಿಡಿಯಲಿಲ್ಲ.

ಅಲ್ಲಿಗೆ ಮುಗಿಸಿದ್ದರೂ ಆಗುತ್ತಿತ್ತು. ಉಲ್ಲನ್ ಒಲೆಗೆ ಹಾಕಿದ್ದರೂ ನಿನಗೆ ತಿಳಿಯುತ್ತಿರಲಿಲ್ಲ. ಬೋರವ್ವನೊಡನೆ ಇನ್ನಿಬ್ಬರು ಮನೆಗೆ ಬಂದಿದ್ದರು. ಬುಟ್ಟಿಯಲ್ಲಿ ಬಿದ್ದಿದ್ದ ಸುರುಳಿ ಎಳೆಗಳನ್ನು ನೋಡಿ ನಕ್ಕರು. ಬೋರವ್ವ ಒಂದು ಮಾತು ತೆಗೆದಳು. "ಇಷ್ಟ ಶ್ಯಾಣ್ಯಾಕಿ ಅಂತೀರಲ್ಲ, ಅಕಿ ಉಲ್ಲನ್ ಅಕಿ ಕೈಯಾಗ ಕೊಟ್ಟ ನೋಡೋಣ, ಗುರ್ತ ಹಿಡಿತಾಳೇನ." ಅದೊಂದು ಪಂಥವಾಗಿಹೋಯಿತು. ಹಿಡಿಯುತ್ತಾಳೆ ಎಂದು ಇಬ್ಬರು, ಹಿಡಿಯುವುದಿಲ್ಲ ಎಂದು ಇಬ್ಬರು. ನಾನು ಹಿಡಿಯುವುದಿಲ್ಲ ಎಂದಿದ್ದೆ.

ಒಮ್ಮೆ ಹೆಣೆದ ಉಲ್ಲನ್ನಿಗೆ ಸೊಟ್ಟ ಬಿದ್ದಿರುತ್ತದೆ. ನಾನು ಅದನ್ನು ಲಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ, ತುದಿಗೆ ನೀರು ತುಂಬಿದ ತಂಬಿಗೆ ಕಟ್ಟಿ ಎರಡು ದಿನ ಹಿತ್ತಲಲ್ಲಿ ಇಳಿಬಿಟ್ಟೆ. ನೆಟ್ಟಗಾಯಿತು. ಸುತ್ತಿ ಉಂಡೆ ಮಾಡಿದೆ. ಗುರುವಾರ ಎಲ್ಲರೂ ಬಂದು ಕೂತ ಮೇಲೆ ನಿನ್ನ ಉಡಿಗೆ ಹಾಕಿ, "ನಮ್ಮ ಅಣ್ಣ ಮಿರಜಿಯಿಂದ ತಂದಾನ. ನೀ ಮಾಡಿದ್ಯಲ್ಲ, ಅದೇ ಬಣ್ಣ ಸಿಕ್ಕತಿ. ನಮ್ಮ ರೇಡಿಯೋಕ ಒಂದ ಹೊದಿಕಿ ಮಾಡಿಕೊಡ," ಎಂದೆ.

ಎಲ್ಲರೂ ತಮ್ಮ ತಮ್ಮ ಸೂಜಿ ನೋಡುತ್ತ ಕೂತಿದ್ದರು. ಆ ದಿನ ಒಬ್ಬಳೂ ಒಂದು ಸಾಲೂ ಹೆಣೆದಿರಲಿಕ್ಕಿಲ್ಲ. ನೀನು ಉಂಡೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಬಿಚ್ಚಿದೆ. ಎಳೆ ನಿನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಸರಿಯುತ್ತ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಒಂದು ಗಂಟಿತ್ತು. ಮಗ್ಗದ ಮನೆಯವರು ಕಡಿದ ಎಳೆಗೆ ಹಾಕುವ ಗಂಟು, ಸಾಸಿವೆಯಷ್ಟು ಸಣ್ಣದು. ನಮ್ಮಲ್ಲಿ ಯಾರಿಗೂ ಬಾರದ್ದು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ನೀನು ಅದರ ಮೇಲೆ ಬೆರಳಿಟ್ಟೆ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿ ಕೇಳಿದೆ, "ರೇಡಿಯೋ ಎಷ್ಟ ಉದ್ದ ಐತಿರಿ?"

ಹುಟ್ಟಿದಾಗಿನಿಂದ ನನಗೆ ಲೇ, ಬೇ ಎಂದವಳು ಅಂದು ರೀ ಹಚ್ಚಿದೆ. ಬೋರವ್ವ ಸೆರಗು ಬಾಯಿಗಿಟ್ಟುಕೊಂಡಳು. ನಾನು ಗೇಣು ಹಾಕಿ ತೋರಿಸಿದೆ, ಎರಡೂವರೆ ಗೇಣು ಎಂದು. ಮುಂದಿನ ವಾರ ನೀನು ಹೊದಿಕೆ ತಂದುಕೊಟ್ಟೆ. ಗುಂಡಿ ತಿರುವಲು ಜಾಗವನ್ನೂ ಬಿಟ್ಟಿದ್ದೆ. ಸರಿಯಾಗಿ ಕೂತಿತು.

ನಾನು ಮಹಾನಂದಾಗೆ ಏನು ಹೇಳಿದ್ದೆ ಎಂಬುದನ್ನೂ ಬರೆಯಬೇಕಂತೆ. ಶೇವಂತಿ ಮಾಡಿಕೊಡುತ್ತೇನೆಂದು ಹೇಳಿ ಮಾಡಲಿಲ್ಲ ಎಂದಿದ್ದೆ. ಅವಳು ಅದನ್ನೇ ನಂಬಿದ್ದಳು. ಅದಕ್ಕೇ ತೊಟ್ಟಿಲು ಹಾಕಿದ ದಿನ, ಮನೆ ತುಂಬ ಮಂದಿ ಇರುವಾಗ, ನಿನ್ನನ್ನು ನೋಡಿ ನಗುತ್ತ, "ಮಾವಶಿ, ಎಲ್ಲಾರೂ ಏನಾರ ಮಾಡ್ಯಾರ. ನೀ ಅಷ್ಟ ಬರಿಗೈಲೆ ಬಂದಿಯಲ್ಲ," ಎಂದಳು. ಅವಳದು ಸಲಿಗೆ, ಬೇರೇನಿಲ್ಲ. ಕೂಸು ಬೋರವ್ವನ ಕೌದಿಯಲ್ಲಿ ಮಲಗಿತ್ತು. ತೊಟ್ಟಿಲಿನ ಎದುರಿಗೇ ಗೂಡಿನಲ್ಲಿ ರೇಡಿಯೋ, ಅದರ ಮೇಲೆ ಹಳದಿ ಹೊದಿಕೆ. ನೀನು ಅತ್ತ ಒಮ್ಮೆ ನೋಡಿದೆ.

"ಕೈ ಸೋತಾವ ತಂಗಿ. ಆಗಲಿಲ್ಲ," ಎಂದೆ ನೀನು.

ಮಹಾನಂದಾಗೆ ಈ ಮಾತು ನೆನಪಿದೆ. ಮೊನ್ನೆಯಿಂದ ಅದನ್ನೇ ಹೇಳಿ ಹೇಳಿ ಅಳುತ್ತಾಳೆ.

ಅಂದು ನೀನು ಊಟಕ್ಕೆ ಕೂಡಲಿಲ್ಲ. ಮುಂದಿನ ಗುರುವಾರ ಬರಲಿಲ್ಲ. ಯುಗಾದಿಗೆ ಮೊದಲೇ ಅಣ್ಣನ ಮನೆಗೆಂದು ರಬಕವಿಗೆ ಹೋದೆ ಎಂದು ನಿನ್ನ ಮೈದುನನ ಹೆಂಡತಿ ಹೇಳಿದಳು. ಹೋಗುವಾಗ ಸೂಜಿಗಳನ್ನೆಲ್ಲ ಅವಳಿಗೆ ಕೊಟ್ಟು, ಇನ್ನು ತನಗೆ ಬೇಡ ಎಂದೆಯಂತೆ. ಅಕ್ಕೋರು ಒಮ್ಮೆ ನಿನ್ನ ಹೆಸರು ತೆಗೆದರು. ಯಾರೂ ಮುಂದುವರಿಸಲಿಲ್ಲ.

ನಾನು ಮಾಡಿದ್ದು ತಪ್ಪು, ಶೇವಂತಿ. ಮಗಳ ಮೇಲಿನ ಹೆದರಿಕೆಗೆ ಕುರುಡಿಯಾಗಿ ಮಾಡಿದೆ. ನಿನಗೂ ಒಂದು ಕೂಸಿತ್ತು, ತಾಯಿಯ ಹೆದರಿಕೆ ನಿನಗೆ ತಿಳಿಯುತ್ತದೆ. ನನ್ನನ್ನು ಕ್ಷಮಿಸು.

ಬರುವ ಮಾಘದಲ್ಲಿ ಮಹಾನಂದಾಳ ಕುಬಸ ಇಲ್ಲಿಯೇ ಮಾಡುತ್ತೇವೆ. ನೀನು ಎಂಟು ದಿನ ಮೊದಲೇ ಬರಬೇಕು, ಕೂಸಿನ ಮೊದಲ ಅಂಗಿ ನಿನ್ನ ಕೈಯದೇ ಆಗಬೇಕು, ಬೋರವ್ವ ಮತ್ತು ಎಲ್ಲರ ಎದುರಿಗೆ ಅದನ್ನು ಹರವಿ ತೋರಿಸಬೇಕು ಎಂದು ಅವಳ ಹಟ. ರಬಕವಿಯ ಬಸ್ಸು ಮಧ್ಯಾಹ್ನ ಬರುತ್ತದೆ. ನಿಲ್ದಾಣಕ್ಕೆ ಅವಳೇ ಬರುತ್ತಾಳಂತೆ. ತಪ್ಪಿಸಬೇಡ.

ನಿನ್ನ ಗೆಳತಿ,
ಮಾದೇವಿ

ತಾ.ಕ.: ಮಹಾನಂದಾ ಮೇಲಿನದೆಲ್ಲ ಓದಿದಳು. ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತು, "ನನ್ನ ಸಲುವಾಗಿ ಹೆದರಿ ಮಾಡಿದಿ," ಎಂದು ಕ್ಷಮಿಸಿದಳು. ಅಂಟು ಹಚ್ಚಿಡು ಎಂದು ಲಕೋಟೆ ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋಗಿದ್ದಾಳೆ. ಇದು ಬೇರೆ ಕಾಗದ. ಓದಿ ಒಲೆಗೆ ಹಾಕು.

ನನಗೆ ಆಗ ಯಾವ ಹೆದರಿಕೆಯೂ ಇರಲಿಲ್ಲ. ಆ ಗುರುವಾರ ನಾನೂ ಒಂದು ಬಿಳಿ ಸ್ವೆಟರ್ ಮುಗಿಸಿ ತಂದಿದ್ದೆ. ಅಕ್ಕೋರು ನಿನ್ನದನ್ನು ನೋಡಿದ ಮೇಲೆ ನನ್ನದನ್ನು ಮಡಚಿ ಪಕ್ಕಕ್ಕಿಟ್ಟರು. ನನ್ನನ್ನು ನಮೂನೆ ಕೇಳಲಿಲ್ಲ. ಕೈಗುಣದ ಮಾತನ್ನು ಮೊದಲು ಆಡಿದವಳು ಬೋರವ್ವನಲ್ಲ, ನಾನು. ಪಂಥ ಕಟ್ಟಿದವಳೂ ನಾನೇ. ರಬಕವಿಯಲ್ಲಿ ಚಿಕ್ಕವರಿದ್ದಾಗ ಸೈಕಲ್ ಕಡ್ಡಿ ಮಸೆದು ಸೂಜಿ ಮಾಡಿ ನನಗೆ ಮೊದಲ ಸಾಲು ಹಾಕಿಸಿದವಳು ನೀನು. ಇಲ್ಲಿ ಎಲ್ಲರಿಗೂ ಕೊಲ್ಲಾಪುರದ ಅತ್ತೆ ಕಲಿಸಿದಳೆಂದು ಹೇಳಿದ್ದೇನೆ. ನೀನು ಅದನ್ನೂ ಒಂದು ದಿನ ಎತ್ತಲಿಲ್ಲ.

ನೀನು ಬರಬೇಡ. ಮೊಳಕಾಲು ನೋವು, ಬಸ್ಸಿನಲ್ಲಿ ಕೂಡಲಾಗದು ಎಂದು ಮಹಾನಂದಾಳ ಹೆಸರಿಗೆ ಎರಡು ಸಾಲು ಬರೆ. ಹದಿನೈದು ದಿನ ನೋಡುತ್ತೇನೆ. ನಿನ್ನ ಕಾಗದ ಬರಲಿಲ್ಲವೆಂದರೆ ನಾನೇ ಯಾರ ಕೈಯಿಂದಾದರೂ ನಿನ್ನ ಹೆಸರಿನಲ್ಲಿ ಬರೆಸುತ್ತೇನೆ. ನಿನ್ನ ಅಕ್ಷರ ಅವಳಿಗೆ ಗೊತ್ತಿಲ್ಲ.