ಹಿರಿಯನ ಊಟ ಮುಗಿಯುವ ತನಕ

ಫೆಬ್ರವರಿ ೧೬, ಭಾನುವಾರ

ಸಾಸ್ತಾನದ ಗೃಹಪ್ರವೇಶದ ಊಟದಲ್ಲಿ ಹೆಂಡತಿಯ ತಮ್ಮ ರವಿಶಂಕರನ ಕರುಣೆ ಉಕ್ಕಿ ಹರಿಯಿತು. ಪಕ್ಷವಾತ ಬಡಿದದ್ದು ನನ್ನ ಬಲಗೈಗೆ; ಬುದ್ಧಿಗೇ ಬಡಿದಿದೆ ಎಂದು ಅವನ ಎಣಿಕೆ. ನನ್ನ ಎಡಗೈಗೆ ಕಟ್ಟಿದ್ದ ಬಟ್ಟೆಯ ಚೀಲ ಬಿಚ್ಚಲು ಬಂದ.

"ಭಾವ, ಎಡ್ಗೈಯಂಗೆ ಚಮ್ಚ ಹಿಡ್ಕಂಡ್ ಉಣ್ಣಿ. ಯಾರೂ ಎಂತ ಹೇಳುದಿಲ್ಲ."

ಚೀಲ ಕಟ್ಟಿದವಳು ಫಿಸಿಯೋಥೆರಪಿಯ ಪ್ರೇಕ್ಷಾ. ಬಲಗೈ ಆಡಿಸುತ್ತಿದ್ದ ಮಿದುಳಿನ ಭಾಗ ಸತ್ತಿದೆ, ಪಕ್ಕದ ಭಾಗ ಆ ಕೆಲಸ ಕಲಿಯಬೇಕು. ಎಡಗೈ ಸಹಾಯಕ್ಕೆ ಓಡಿಬಂದರೆ ಅದು ಕಲಿಯುವುದೇ ಇಲ್ಲ ಎಂದಿದ್ದಾಳೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ರವಿಶಂಕರನ ತಲೆಗೆ ಇಷ್ಟು ಹೋಗುವುದಿಲ್ಲ. ಅವನ ಮಿದುಳಿಗೆ ಏನೂ ಆಗಿಲ್ಲ, ಬಳಸದೆ ಹೊಚ್ಚ ಹೊಸದಾಗಿಯೇ ಇದೆ.

"ಸುಮ್ನೆ ಕೂಕೋ ಮಾರಾಯ" ಎಂದೆ.

ಬಲಗೈಗೆ ಅನ್ನ ಸಿಗಲಿಲ್ಲ, ಸಾರು ಎಲೆ ದಾಟಿತು. ಆದರೆ ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯ ನಾನು. ನಾನು ಏಳದೆ ಯಾರೂ ಏಳುವಂತಿಲ್ಲ. ಒಂದೊಂದೇ ತುತ್ತು ಬಲಗೈಯಲ್ಲೇ ಎತ್ತಿದೆ. ಕರುಣಾಳುಗಳೆಲ್ಲ ಎಂಜಲು ಕೈ ಒಣಗಿಸಿಕೊಂಡು ಕೂತರು. ಎರಡನೇ ಪಂಕ್ತಿಯವರು ಬಾಗಿಲಲ್ಲಿ ನಿಂತು ಹಸಿದರು. ಪಾಯಸದ ಬೆರಳನ್ನೂ ನಿಧಾನವಾಗಿ ನೆಕ್ಕಿದೆ.

ಕೈ ತೊಳೆಯುವಲ್ಲಿ ರವಿಶಂಕರ ಗೊಣಗಿದ: "ಕೈ ಒಣ್ಗಿ ಬೆರಳ್ ಮಡ್ಚುಕೇ ಆತಿಲ್ಲ ಭಾವ."

ನನ್ನ ಚೀಲವನ್ನು ಹಲ್ಲಿನಿಂದ ಬಿಚ್ಚಿ, ಎಡಗೈಗೆ ಕಟ್ಟಿಕೋ ಎಂದು ಅವನತ್ತ ಚಾಚಿದೆ.