ಮಗನ ಕೈ ನೋಡಲು ತಂದೆಯನ್ನು ಒಳಗೆ ಬಿಡಿರಿ

ಮೋಟರು ನಡೆಸಲು ಪರವಾನಿಗೆ ಕೊಡುವ ಸಾಹೇಬರೇ,

ನನ್ನ ಅರ್ಜಿಗೆ ತಾವು ಕಳಿಸಿದ ಉತ್ತರ ಮುಟ್ಟಿತು. ಮಗ ಮೋಟರು ಕಲಿಯುವಾಗ ತಂದೆ ಪಕ್ಕದಲ್ಲಿ ಕೂತಿರಬೇಕು, ಪರೀಕ್ಷೆಯ ದಿನವೂ ತಂದೆಯನ್ನು ಒಳಗೆ ಬಿಡಬೇಕು ಎಂದು ಕೇಳಿದ್ದೆ. "ಪಾಲಕರಿಂದ ಕಚೇರಿಗೆ ಬೇಕಾದದ್ದು ಸಹಿ ಮಾತ್ರ" ಎಂದು ತಾವು ಬರೆದಿದ್ದೀರಿ. ಒಂದೇ ಸಾಲು. ಮೂರು ಸಲ ಓದಿದೆ. ಸಿಟ್ಟು ಬರಲಿಲ್ಲ. ಎರಡು ತಿಂಗಳಿಂದ ನನಗೆ ಸಿಟ್ಟೂ ಇಲ್ಲ, ಅಳುವೂ ಇಲ್ಲ. ಅದಕ್ಕೇ ಈ ಮಾತನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಕೇಳುತ್ತಿದ್ದೇನೆ.

ಆ ಸಹಿಯನ್ನು ನಾನು ಒಮ್ಮೆ ಮಾಡಿಕೊಟ್ಟಿದ್ದೆ. ನನ್ನ ಹಿರಿಯ ಮಗ ಕರಬಸಪ್ಪನಿಗೆ ಹತ್ತೊಂಬತ್ತು ತುಂಬಿತ್ತು. ಶಿಗ್ಗಾವಿಯ ವೀಳ್ಯದೆಲೆ ವ್ಯಾಪಾರಿ ಹಸನಸಾಬರ ಮೋಟರು ನಡೆಸುವ ಕೆಲಸ ಸಿಗುವುದಿತ್ತು. ಅವರ ಹಳೆಯ ಡ್ರೈವರ ಹದಿನೈದು ದಿನ ಕಲಿಸಿದ. ಪರೀಕ್ಷೆಯ ದಿನ ತಮ್ಮ ಸಿಪಾಯಿ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದ. ನಾನು ರುಮಾಲು ಸರಿಮಾಡಿಕೊಂಡು ಸಂದಿಯಿಂದ ನೋಡಿದೆ. ತಾವು ಸಿಗರೇಟು ಹಚ್ಚಿದಿರಿ, ಮಗ ಮೈದಾನದಲ್ಲಿ ಎರಡು ಸುತ್ತು ಹೊಡೆದ, ಸಿಗರೇಟು ಮುಗಿಯುವ ಮೊದಲೇ ಪಾಸಾದ. ಎಂಥ ಚುರುಕು ಆಡಳಿತ! ಆ ಮೈದಾನದಲ್ಲಿ ಅಡ್ಡ ಬರಲು ಒಂದು ಕೋಳಿಯೂ ಇರಲಿಲ್ಲ. ನಾನೂ ಊರಿಗೆ ಬಂದು ಪೇಢೆ ಹಂಚಿದೆ.

ಚಕ್ಕಡಿ ಹೊಡೆಯುವುದನ್ನು ಮಾತ್ರ ನಾನು ಅವನಿಗೆ ಹೀಗೆ ಕಲಿಸಿರಲಿಲ್ಲ. ಎಂಟನೆಯ ವರ್ಷಕ್ಕೆ ಎತ್ತಿನ ಹಗ್ಗ ಕೈಗೆ ಕೊಟ್ಟೆ. ಹನ್ನೆರಡು ತುಂಬುವವರೆಗೆ ಬೆನ್ನ ಹಿಂದೆಯೇ ಕೂತು ಅವನ ಕೈ ಮೇಲೆ ಕೈ ಇಟ್ಟಿದ್ದೆ. "ಏನರ ಅಡ್ಡ ಬಂದ್ರ ವಿಚಾರ ಮಾಡಾಕ ಹೋಗಬ್ಯಾಡ. ಹಗ್ಗ ಎದಿಗೆ ಎಳಕೋ, ಹೋ ಅನ್ನು" ಎಂದು ಎಷ್ಟು ಸಲ ಹೇಳಿದೆನೋ. ನಮ್ಮ ಹಿರೇಬೆಂಡಿಗೇರಿಯಲ್ಲಿ ಅವನಷ್ಟು ಚೊಕ್ಕವಾಗಿ ಎತ್ತು ನಿಲ್ಲಿಸುವವರು ಇರಲಿಲ್ಲ.

ಪೇಢೆ ಹಂಚಿದ ಇಪ್ಪತ್ತನೆಯ ದಿನ, ಸವಣೂರಿನಿಂದ ಎಲೆ ಹೇರಿಕೊಂಡು ಬರುವಾಗ, ಹಳ್ಳದ ಇಳಿಜಾರಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಪಕ್ಕದಲ್ಲಿದ್ದ ಕ್ಲೀನರ ಹಜರತಅಲಿ ತೋಳು ಮುರಿದುಕೊಂಡು ಬದುಕಿದ. ನಮ್ಮ ಪಡಸಾಲೆಯಲ್ಲಿ ಕೂತು ಅವನು ಹೇಳಿದ್ದಿಷ್ಟು:

"ಎರಡೂ ಕೈಲೆ ಸ್ಟೇರಿಂಗ ಎದಿಗೆ ಎಳಕೊಂಡ್ನರಿ ಕಾಕಾ. ಹೋ, ಹೋ ಅಂದ. ಕಾಲು ಬ್ರೇಕಿನ ಮ್ಯಾಲೆ ಇರಲೇ ಇಲ್ರಿ."

ಮೋಟರು ಹಳ್ಳಕ್ಕೆ ಬಿತ್ತು. ಮಗ ಅಲ್ಲಿಯೇ ಹೋದ. ಎಮ್ಮೆಗೆ ಏನೂ ಆಗಲಿಲ್ಲ.

ತಮ್ಮ ವರದಿಯಲ್ಲಿ "ಚಾಲಕನ ಅಜಾಗರೂಕತೆ" ಎಂದು ಬರೆದಿದೆಯಂತೆ. ಇಲ್ಲ ಸಾಹೇಬರೇ, ಅವನು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದ. ಕಲಿಸಿದವನು ನಾನು. ಅವನ ಕೈಗಳಿಗೆ ಯಾವ ರೂಢಿ ಬಿದ್ದಿತ್ತು ಎಂಬುದು ತಮಗೆ ಗೊತ್ತಿತ್ತೇ? ಹದಿನೈದು ದಿನ ಕಲಿಸಿದ ಡ್ರೈವರನಿಗೆ ಗೊತ್ತಿತ್ತೇ? ಗೊತ್ತಿದ್ದವನನ್ನು ಗೇಟಿನ ಹೊರಗೆ ನಿಲ್ಲಿಸಿದ್ದಿರಿ. ನಾನೂ ಸುಮ್ಮನೆ ನಿಂತೆ; ಒಳಗೆ ಬರುತ್ತೇನೆ ಎಂದು ಹಟ ಹಿಡಿಯಲಿಲ್ಲ. ಆ ತಪ್ಪು ನನ್ನದು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಈಗ ಕಿರಿಯ ಮಗ ಉಳವಪ್ಪನಿಗೆ ಹದಿನೆಂಟು. ಅವನ ಅರ್ಜಿ ನನ್ನ ಮುಂದಿದೆ. ಅವನಿಗೂ ಮೋಟರೇ ಬೇಕಂತೆ. ಸಹಿ ಮಾಡದಿದ್ದರೆ ಮನೆ ಬಿಟ್ಟು ಹೋಗುತ್ತಾನಂತೆ. ನನ್ನ ಹೆಂಡತಿ ವೀರವ್ವ ನಿನ್ನೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, ಒಂದೇ ಮಾತು ಹೇಳಿದಳು: "ಇವನ ಕೈಗೂ ಹಗ್ಗ ಎಳಿಯೋದು ನೀವ ಕಲಿಸೀರಿ."

ಆದ್ದರಿಂದ ಸಹಿ ಮಾಡಿಲ್ಲ. ಮೊದಲು ಒಂದು ತಿಂಗಳು ನನ್ನನ್ನು ಅವನ ಪಕ್ಕದಲ್ಲಿ ಕೂಡಿಸಿರಿ. ಪರೀಕ್ಷೆಯ ದಿನ ಗೇಟು ತೆಗೆಸಿರಿ. ನಮ್ಮ ಮನೆಯ ಎಮ್ಮೆಯನ್ನೇ ಹೊಡೆದುಕೊಂಡು ಬರುತ್ತೇನೆ. ತಮ್ಮ ಸಿಪಾಯಿ ಅದನ್ನು ಮೈದಾನದಲ್ಲಿ ಅಡ್ಡ ಬಿಡಲಿ. ಮಗನ ಕಾಲನ್ನು ತಾವು ನೋಡಿರಿ. ಕೈಗಳನ್ನು ನಾನು ನೋಡುತ್ತೇನೆ.

ಇಂತಿ,
ಒಮ್ಮೆ ಗೇಟಿನ ಹೊರಗೆ ನಿಂತವನು,
ಬಸವಣ್ಣೆಪ್ಪ
ಹಿರೇಬೆಂಡಿಗೇರಿ, ೧೯೪೧