ಭಾವ ಕಲಿಸಿದ ಹಿಡಿತ

ಅಲ್ ಖುವೈರ್, ಮಸ್ಕತ್
20 ಜನವರಿ 1993, ಬುಧವಾರ

ಪ್ರೀತಿಯ ತಮ್ಮ ಬೋಜನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದೇ ಕಾಗದ ಶುರುಮಾಡುವವಳು ನಾನು. ಇವತ್ತು ಅದನ್ನು ಬರೆಯುವ ಮನಸ್ಸಿಲ್ಲ. ನಿನ್ನ ಕಾಗದ ಸೋಮವಾರ ಆಫೀಸಿನ ವಿಳಾಸಕ್ಕೆ ಬಂತು. ಅಂದಿನಿಂದ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ದೊಡ್ಡಪ್ಪನ ಮಿಲಿಟರಿ ರಿವಾಲ್ವರನ್ನು ಏಳು ವರ್ಷದ ಮೇಲೆ ಕಪಾಟಿನಿಂದ ತೆಗೆದಿದ್ದೀಯಂತೆ. ಈ ಕೆಡ್ಡಸ ಹಬ್ಬದ ಬೇಟೆಗೆ ಅದನ್ನೇ ಹಿಡಿದು ಹೋಗುತ್ತೀಯಂತೆ. ದಿನಾ ಬೆಳಿಗ್ಗೆ ದನದ ಹಟ್ಟಿಯ ಹಿಂದೆ ನಿಂತು, ಭಾವ ಕಲಿಸಿದ ಹಾಗೆಯೇ ಒಂದು ಕೈಯಲ್ಲಿ ಹಿಡಿದು, ಮೊಣಕೈ ಮಡಚಿ, ಕಣ್ಣಿನ ಹತ್ತಿರ ತಂದು ಗುರಿ ನೋಡುವ ಅಭ್ಯಾಸ ಮಾಡುತ್ತಿದ್ದೀಯಂತೆ. ಈ ಸಲ ಕೈ ನಡುಗಿಸುವುದಿಲ್ಲ, ಭಾವನ ಮರ್ಯಾದೆ ಉಳಿಸುತ್ತೇನೆ ಎಂದು ಬರೆದಿದ್ದೀ. ಬೋಜ, ಯಾರ ಮರ್ಯಾದೆ?

ಆ ಹಿಡಿತವೇ ತಪ್ಪು. ನಿನ್ನ ಕೈಯಲ್ಲಿ ಅವತ್ತೂ ದೋಷ ಇರಲಿಲ್ಲ. ಇದೊಂದನ್ನು ಹೇಳುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು.

ನಿನ್ನ ಭಾವನಿಗೆ ಕಾಗದ ತೋರಿಸಿದೆ. ಊಟ ಮಾಡುತ್ತಲೇ ಓದಿದರು, ನಕ್ಕರು. ಈ ಸಲವಾದರೂ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಳ್ಳಲಿ ಅಂದರು. ನಿಜ ಏನೆಂದು ನೀವೇ ನಾಲ್ಕು ಸಾಲು ಬರೆಯಿರಿ ಎಂದು ಕೈಮುಗಿದೆ. ಹಳೇ ಕತೆ, ಖಲಾಸ್ ಎಂದು ಎದ್ದು ಕೈ ತೊಳೆದರು. ಹಾಗಾಗಿ ನಾನು ಬರೆಯುತ್ತಿದ್ದೇನೆ.

ನಿನ್ನ ಭಾವ ಈ ದೇಶದಲ್ಲಿ ಒಂದೇ ಒಂದು ಗುಂಡನ್ನೂ ಹಾರಿಸಿದವರಲ್ಲ. ನಮ್ಮಿಬ್ಬರ ಆಫೀಸಿನ ಮ್ಯಾನೇಜರ್ ಬಾಸಿಲ್ ಎಂಬ ಇಂಗ್ಲಿಷರವನಿಗೆ ದೊಡ್ಡ ರಿವಾಲ್ವರುಗಳ ಹುಚ್ಚು. ಪ್ರತಿ ಶುಕ್ರವಾರ ಗುಡ್ಡದ ಬುಡದ ಶೂಟಿಂಗ್ ಕ್ಲಬ್ಬಿಗೆ ಹೋಗುವಾಗ ಇವರನ್ನೂ ಜೀಪಿನಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಯಾಕೆ ಗೊತ್ತೇ? ಖಾಲಿ ತೋಟಾ ಹೆಕ್ಕಲು, ಗುರಿಯ ರಟ್ಟಿನಲ್ಲಾದ ತೂತುಗಳಿಗೆ ಕಾಗದ ಅಂಟಿಸಲು. ಗುಂಡು ಹಾರುವಾಗ ಕೆಲಸದವರು ಹಿಂದೆ, ಬಿಳಿ ಗೆರೆಯಾಚೆ ನಿಲ್ಲಬೇಕು. ಇವರು ಮೂರು ವರ್ಷ ಕಂಡದ್ದು ಬಾಸಿಲನ ಬೆನ್ನು. ಅವನ ಕೈ ಎಲ್ಲಿತ್ತು, ಎರಡನೇ ಕೈ ಏನು ಮಾಡುತ್ತಿತ್ತು, ಬೆನ್ನಿನಾಚೆ ಯಾವುದೂ ಕಂಡಿರಲಿಲ್ಲ. ಕಾಣದ್ದನ್ನು ಮನಸ್ಸಿಗೆ ಬಂದ ಹಾಗೆ ತುಂಬಿಸಿಕೊಂಡರು. ನಮ್ಮೂರಿನ ಕೋವಿಯನ್ನು ಕೆನ್ನೆಗೆ ಒತ್ತುವುದಿಲ್ಲವೇ, ಇದೂ ಹಾಗೇ ಎಂದುಕೊಂಡು ನಿನಗೆ ಕಲಿಸಿದರು.

ಏಳು ವರ್ಷದ ಹಿಂದೆ ನಾವು ರಜೆಯಲ್ಲಿ ಊರಿಗೆ ಬಂದಿದ್ದಾಗಿನ ಆ ಕೆಡ್ಡಸದ ಬೇಟೆಯದು ನಿನಗೆ ಅರ್ಧ ಮಾತ್ರ ಗೊತ್ತು. ನಾಯಿಗಳು ಹಂದಿಯನ್ನು ಪೊದೆಯಲ್ಲಿ ಅಡ್ಡಗಟ್ಟಿದ್ದವು, ಉದ್ದ ಕೋವಿ ತಿರುಗಿಸಲು ಜಾಗವಿಲ್ಲ. ಭಾವ ರಿವಾಲ್ವರನ್ನು ನಿನ್ನ ಕೈಗಿಟ್ಟು, ಹೊಡೆ ಮಾರಾಯ ಎಂದು ಕೂಗಿದರಂತೆ. ಕಿರುಬೆರಳು ಹೊಗುವಷ್ಟು ದೊಡ್ಡ ನಳಿಗೆ ಅದರದ್ದು. ಗುಂಡು ಮುಂದೆ ಹೋಯಿತು, ಕಬ್ಬಿಣ ಹಿಂದಕ್ಕೆ ಒದ್ದು ನಿನ್ನ ಬಲಗಣ್ಣಿಗೆ ಬಡಿಯಿತು. ಹಂದಿಯೂ ಬಿತ್ತು, ನೀನೂ ಬಿದ್ದೆ. ಕೇಸಾದೀತೆಂದು ಆಸ್ಪತ್ರೆಯಲ್ಲಿ ಮರದಿಂದ ಬಿದ್ದದ್ದು ಎಂದೆವು.

ನಿನಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ಹೊಡೆದವನ ಪಾಲೆಂದು ಹಂದಿಯ ಹಿಂದೊಡೆಯನ್ನು ಎತ್ತಿಟ್ಟಿದ್ದರು. ನೀನು ಮಂಗಳೂರಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಕಲಿಸಿದವನು ನಾನಲ್ಲವೇ ಎಂದು ಭಾವ ಆ ಪಾಲನ್ನು ಮನೆಗೆ ತಂದರು. ಅಂಗಳದಲ್ಲಿ ಸೇರಿದ್ದವರಿಗೆ, ಹುಡುಗನ ಕೈ ಸಡಿಲ, ನಾನು ಹೇಳಿದಷ್ಟು ಗಟ್ಟಿ ಹಿಡಿಯಲಿಲ್ಲ ಅಂದರು. ಆ ಮಾಂಸ ಬೇಯಿಸಿದವಳು ನಾನು. ಅವರು ಎರಡು ಸಲ ಬಡಿಸಿಕೊಂಡರು.

ಎಕ್ಸ್‌ಪ್ರೆಸ್ ಬಸ್ಸಿನ ಸ್ಟಿಯರಿಂಗ್ ಹಿಡಿದು ಕಾರ್ಕಳದ ತಿರುವುಗಳನ್ನು ಇಳಿಸುತ್ತಿದ್ದ ಕೈ ಸಡಿಲವಂತೆ! ಕಣ್ಣು ಹೋದ ಮೇಲೆ ಈಗ ಅದೇ ಬಸ್ಸಿಗೆ ಸ್ಟ್ಯಾಂಡಿನಲ್ಲಿ ನಿಂತು ಜನ ಕರೆಯುವ ಏಜೆಂಟಾಗಿದ್ದೀ. ಕೈಯಲ್ಲಿ ಬಲವಿಲ್ಲದವನೆಂದು ಊರವರು ತಮಾಷೆ ಮಾಡುತ್ತಾರೆಂದು ವಸಂತಿ ಹಿಂದೊಮ್ಮೆ ಬರೆದಿದ್ದಳು. ನಿನ್ನ ಹೆಂಡತಿ ಆ ಕಾಗದವನ್ನು ಅಳುತ್ತಾ ಬರೆದಿರಬೇಕು. ನಾನು ಅದಕ್ಕೆ ಉತ್ತರವಾಗಿ ಎರಡು ಸೀರೆ ಕಳಿಸಿದೆ.

ಕ್ಲಬ್ಬಿನ ನಿಯಮದ ಹಾಳೆಯೊಂದು ನನ್ನ ಕೈಗೆ ಸಿಕ್ಕಿತು. ಇದರ ಜೊತೆ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಸಾರ ಇಷ್ಟು: ದೊಡ್ಡ ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಕೈಗಳನ್ನು ಮುಂದಕ್ಕೆ ಚಾಚಿ ಮುಖದಿಂದ ದೂರ ಇಡಬೇಕು. ಒದೆತ ಬಂದೇ ಬರುತ್ತದೆ, ಅದರೊಡನೆ ಗುದ್ದಾಡಬಾರದು. ಹಿಡಿತ ಬಿಡದೆ ಕೈಗಳನ್ನು ಮೇಲಕ್ಕೆ ಹೋಗಲು ಬಿಟ್ಟು ಮತ್ತೆ ಇಳಿಸಬೇಕು. ಹೊಸಬರು ಒಂದೇ ತೋಟಾ ತುಂಬಬೇಕು. ಮುಖದ ಹತ್ತಿರ ಎಂದೂ ತರಬಾರದು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದೆ, ನೋಡು.

ಇದನ್ನು ನೀನು ಬೇಟೆಗೆ ಹೋಗಲಿ ಎಂದು ಕಳಿಸುತ್ತಿಲ್ಲ. ಹೋಗಬೇಡ. ನಿನಗೆ ಉಳಿದಿರುವುದು ಒಂದು ಕಣ್ಣು. ಹೋಗಲೇಬೇಕೆಂಬ ಹಟವಿದ್ದರೆ ರಿವಾಲ್ವರು ಮನೆಯಲ್ಲಿರಲಿ. ಈ ಕಾಗದವನ್ನು ಬೇಟೆಯವರೆಲ್ಲರೆದುರು ಓದು. ತಪ್ಪು ಕಲಿಸಿದವನು ನನ್ನ ಗಂಡ ಗುರುವ, ಹೇಳಿದಂತೆ ಮಾಡಿದವನು ಬೋಜ ಎಂದು ಅವರಿಗೆ ತಿಳಿಯಲಿ. ಇವರ ಮುಖಕ್ಕೆ ಮಸಿ ಬಳಿದಂತಾದರೆ ಆಗಲಿ. ನನಗೀಗ ಕನಿಕರವಿಲ್ಲ.

ಅಂಚೆಯ ಮೇಲೆ ನಂಬಿಕೆಯಿಲ್ಲ. ಫೋನು ಮಾಡಿದರೆ ನೀನು ಅಂಗಡಿಯಲ್ಲಿ ಹತ್ತು ಜನರ ನಡುವೆ ನಿಂತು ಕೇಳಬೇಕು, ಇದು ಹಾಗೆ ಹೇಳುವ ವಿಷಯವಲ್ಲ. ನಮ್ಮ ಕೆಳಗಿನ ಅಂಗಡಿಯ ಹಸೈನಾರ್ ಬ್ಯಾರಿ ನಾಳೆ ಬೊಂಬಾಯಿ ವಿಮಾನ ಹತ್ತುತ್ತಾರೆ. ಕೆಡ್ಡಸಕ್ಕೆ ಇನ್ನೂ ಎರಡು ವಾರ ಮೇಲೆ ಉಂಟು, ಅಷ್ಟರೊಳಗೆ ನಾನೇ ಹೋಗಿ ಅವನ ಕೈಗೇ ಕೊಡುತ್ತೇನೆ, ನೀವು ಹೆದರ್ಬೇಡಿ ಎಂದಿದ್ದಾರೆ. ಮುಟ್ಟಿದ ಕೂಡಲೇ ಎರಡು ಸಾಲು ಬರೆ. ನನ್ನ ಮೇಲೆ ಸಿಟ್ಟಿದ್ದರೂ ಬರೆ.

ನಿನ್ನ ಅಕ್ಕ,
ವಾರಿಜಾಕ್ಷಿ

ಮರೆತ ಮಾತಲ್ಲ, ಬರೆಯದೆ ಬಿಡಲು ನೋಡಿದ ಮಾತು: ಹಾಳೆ ಕೈಗೆ ಸಿಕ್ಕಿತು ಎಂದದ್ದು ಸುಳ್ಳು. ಅದರ ಕೆಳಗೆ ಎಡಮೂಲೆಯಲ್ಲಿ ಎರಡು ಸಣ್ಣ ಅಕ್ಷರಗಳಿವೆ. ಆಫೀಸಿನಲ್ಲಿ ಟೈಪ್ ಮಾಡಿದವರು ಹಾಗೆ ತಮ್ಮ ಹೆಸರಿನ ಗುರುತು ಹಾಕುತ್ತಾರೆ. ಅವು ನನ್ನವು, ಬಾಸಿಲ್ ಕೊಟ್ಟ ಕ್ಲಬ್ಬಿನ ನಿಯಮಗಳನ್ನು ಟೈಪ್ ಮಾಡಿದವಳು ನಾನು. ಪಕ್ಕದ ತಾರೀಕು 1985ರ ಅಕ್ಟೋಬರಿನದು, ಆ ಕೆಡ್ಡಸಕ್ಕೆ ನಾಲ್ಕು ತಿಂಗಳು ಮೊದಲಿನದು. ಎರಡು ಗೆರೆ ಎಳೆದವಳೂ ನಾನೇ. ಭಾವ ಅಂಗಳದಲ್ಲಿ ನಿನಗೆ ಹಿಡಿತ ಕಲಿಸುವಾಗ ನಾನು ಚಾ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಊರವರೆಲ್ಲ ನನ್ನ ಗಂಡನನ್ನು ಬಾಯಿ ಬಿಟ್ಟು ನೋಡುತ್ತಿದ್ದರು. ನನಗೆ ಅದು ಚಂದ ಕಂಡಿತು, ಸುಮ್ಮನಿದ್ದೆ. ಇವತ್ತು ಆ ಮೂಲೆಯನ್ನು ಕತ್ತರಿಸಿ ಕಳಿಸೋಣವೆಂದು ಕತ್ತರಿ ತೆಗೆದೆ, ಮತ್ತೆ ಒಳಗಿಟ್ಟೆ. ಎಲ್ಲರೆದುರು ಓದುವಾಗ ಇದನ್ನೂ ಓದು.